ಬುಚೋ ಮಾಡಿದ ಪೋಸ್ಟಿಂಗ್

ಮಲೇಶಿಯಾದ ಸೈಬರ್‌ಜಯಾದಲ್ಲಿ ಯಾರೂ ನಡೆಯುವುದಿಲ್ಲ. ರಸ್ತೆಗಳು ಅಗಲ, ಬಿಸಿಲು ವಿಪರೀತ. ಎದುರಿನ ಕಟ್ಟಡಕ್ಕೆ ಹೋಗಬೇಕಾದರೂ ನಾವು ಕಾರು ತೆಗೆದು, ದೂರದ ಯು-ಟರ್ನ್‌ವರೆಗೆ ಹೋಗಿ, ತಿರುಗಿ ಬಂದು, ಪಾರ್ಕಿಂಗ್ ಸಿಗದೆ ಕೊನೆಗೆ ಹೊರಟಲ್ಲಿಯೇ ಕಾರು ತಂದು ನಿಲ್ಲಿಸುತ್ತೇವೆ. ಇಂಥ ಊರಿನಲ್ಲಿ ನಡುಮಧ್ಯಾಹ್ನ ಟೈ ಕಟ್ಟಿಕೊಂಡು, ಕಪ್ಪು ಕೊಡೆ ಬಿಡಿಸಿಕೊಂಡು, ಫುಟ್‌ಪಾತಿನ ಮೇಲೆ ಒಬ್ಬರೇ ನಡೆದು ಹೋಗುತ್ತಿದ್ದವರು ನಮ್ಮ ಬುಚೋ. ಕಾರು ನಿಲ್ಲಿಸಿ ಬನ್ನಿ ಎಂದರೆ ಕೊಡೆ ಓರೆ ಮಾಡಿ, ಸೊಂಟದವರೆಗೆ ಬಾಗಿ ನಮಸ್ಕರಿಸುತ್ತಿದ್ದರು. ಅವರು ಬಾಗಿ ಏಳುವಷ್ಟರಲ್ಲಿ ಹಿಂದಿನ ಕಾರುಗಳು ಹಾರ್ನ್ ಹೊಡೆಯುತ್ತಿದ್ದವು, ನಾವು ಹೊರಟುಬಿಡಬೇಕಾಗುತ್ತಿತ್ತು. ಅವರನ್ನು ಕಾರಿಗೆ ಹತ್ತಿಸಿಕೊಂಡವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ.

ಬುಚೋ ಎಂಬುದು ಅವರ ಹೆಸರಲ್ಲ. ಜಪಾನಿ ಭಾಷೆಯಲ್ಲಿ ವಿಭಾಗದ ಮುಖ್ಯಸ್ಥರಿಗೆ ಹಾಗೆನ್ನುತ್ತಾರೆ. ಹೆಸರು ಹಿಡಿದು ಕರೆಯುವ ರೂಢಿ ಅವರಲ್ಲಿಲ್ಲ, ಹಿರಿಯರ ಹೆಸರು ಹೇಳಬಾರದೆಂದು ಬೆಳೆದ ನನಗೂ ಅದು ಅನುಕೂಲವೇ ಆಯಿತು. ಇಲ್ಲಿಯೂ ಹೇಳುವುದಿಲ್ಲ. ಮೈಸೂರಿನಲ್ಲಿರುವ ನನ್ನ ಅಮ್ಮನಿಗೆ ಮಾತ್ರ ಇವತ್ತಿಗೂ ಆ ಶಬ್ದ ಒಗ್ಗಿಲ್ಲ. “ನಿಮ್ಮ ಆಫೀಸಿನ ಬೂಚಿ ಹೇಗಿದಾರಪ್ಪಾ?” ಎಂದೇ ಫೋನಿನಲ್ಲಿ ಕೇಳುತ್ತಾಳೆ.

ಮಕ್ಕಳನ್ನು ಹೆದರಿಸಲು ಕರೆಯುವ ಬೂಚಿಗೂ ಈ ಮನುಷ್ಯರಿಗೂ ಯಾವ ಹೋಲಿಕೆಯೂ ಇರಲಿಲ್ಲ. ಕುಳ್ಳಗೆ, ಬೆಳ್ಳಗೆ, ಸದಾ ಒಗೆದ ಕರವಸ್ತ್ರದ ವಾಸನೆ ಬರುತ್ತಿದ್ದವರು. ಆದರೂ ಅವರೆಂದರೆ ನನಗೆ ಭಯ, ಏಕೆಂದರೆ ಅವರು ಬೈಯುತ್ತಿರಲಿಲ್ಲ. ತಪ್ಪು ಮಾಡಿದವರ ಮೇಜಿನ ಪಕ್ಕ ಬಂದು ನಿಂತು, ಹಲ್ಲಿನ ಸಂದಿಯಿಂದ ಸುಯ್ ಎಂದು ಉಸಿರೆಳೆದುಕೊಂಡು, ಏನೂ ಹೇಳದೆ ಹೋಗಿಬಿಡುತ್ತಿದ್ದರು. ಆ ಸುಯ್ ಕೇಳಿದ ದಿನ ನನಗೆ ಊಟ ಸೇರುತ್ತಿರಲಿಲ್ಲ. ನಮ್ಮದು ಜಪಾನಿ ಕಂಪನಿ. ಅವರ ದೇಶದ ಗೋದಾಮುಗಳನ್ನು ನಡೆಸುವ ಒಂದು ಹಳೆಯ ಸಾಫ್ಟ್‌ವೇರನ್ನು ರಿಪೇರಿ ಮಾಡುತ್ತಾ ಇರುವುದೇ ನಮ್ಮ ಕೆಲಸ. ಹಾಗಾಗಿ ಸುಯ್‌ಗೆ ಕೊರತೆ ಇರಲಿಲ್ಲ.

ಅವರ ಇಂಗ್ಲಿಷನ್ನು ಅರ್ಥ ಮಾಡಿಕೊಳ್ಳುವ ಉಪಾಯವನ್ನು ಉಡುಪಿಯ ಶೆಣೈ ಕಂಡುಹಿಡಿದಿದ್ದರು. ಶೆಣೈ ನನ್ನ ಪಕ್ಕದ ಮೇಜಿನವರು. “ಬಾಲ ಕಟ್ ಮಾಡ್ಬೇಕು ಮಾರಾಯ್ರೆ. ದೆಸುಕು ಅಂದ್ರೆ ಡೆಸ್ಕ್. ಬಸು ಅಂದ್ರೆ ಬಸ್. ಕೊನೆಯ ಉಕಾರ ಒಕಾರ ತೆಗೆದ್ರೆ ಇಂಗ್ಲಿಷ್ ಸಿಗ್ತದೆ, ಸಿಗದಿದ್ರೆ ಅದು ಜಪಾನಿ.” ಈ ಸೂತ್ರದ ಮೇಲೆಯೇ ನಮ್ಮ ವಿಭಾಗ ನಡೆಯುತ್ತಿತ್ತು. ಮಲೇಶಿಯಾಕ್ಕೆ ಬಂದ ಮೇಲೆ ಬುಚೋ, ಸ್ಥಳೀಯರು ಮಾತಿನ ಕೊನೆಗೆ ಸೇರಿಸುವ ‘ಲಾ’ ಕೂಡ ಕಲಿತಿದ್ದರು, ಆದರೆ ಎಲ್ಲಿ ಹಾಕಬೇಕೆಂದು ಗೊತ್ತಿರಲಿಲ್ಲ. “ಗುಡ್ ಲಾ ಮಾರ್ನಿಂಗ್” ಎಂದು ದಿನವೂ ಗಂಭೀರವಾಗಿ ಹೇಳುತ್ತಿದ್ದರು. ತಿದ್ದುವ ಧೈರ್ಯ ಯಾರಿಗೂ ಇರಲಿಲ್ಲ.

ಅವರಿಗೆ ಇದ್ದ ಒಂದೇ ಹುಚ್ಚು ಬೇಸ್‌ಬಾಲ್. ಅದರಲ್ಲೂ ಆಟಕ್ಕಿಂತ ಒಪ್ಪಂದದ ಹುಚ್ಚು. ಜಪಾನಿನ ಆಟಗಾರನೊಬ್ಬ ಅಮೆರಿಕದ ದೊಡ್ಡ ಲೀಗಿನ ತಂಡಕ್ಕೆ ಸಹಿ ಹಾಕುತ್ತಾನೆಂದು ಸುದ್ದಿ ಬಂದರೆ ಬುಚೋ ಅಂದು ಹೊಸ ಟೈ ಕಟ್ಟಿಕೊಂಡು ಬರುತ್ತಿದ್ದರು. ಪ್ಯಾಂಟ್ರಿಯ ಟೀವಿಯಲ್ಲಿ ಪತ್ರಿಕಾಗೋಷ್ಠಿ ಹಾಕಿ, ನಮ್ಮನ್ನೆಲ್ಲ ಕೂರಿಸಿ, ಬೀದಿಯ ಅಂಗಡಿಯಿಂದ ತಂದ ತೆಂಗಿನಕಾಯಿಯ ಮಿಠಾಯಿ ಹಂಚುತ್ತಿದ್ದರು. ಹುಡುಗ ಬಂದು ಕೂರುವುದು, ಪಕ್ಕದಲ್ಲಿ ದುಭಾಷಿ ಕೂರುವುದು, ಹೊಸ ತಂಡದ ಅಂಗಿ ತೊಡಿಸುವುದು, ಟೋಪಿ ಹಾಕುವುದು, ಎಲ್ಲಕ್ಕೂ ಅವರಲ್ಲಿ ಮಾರ್ಕು ಇತ್ತು. ಟೋಪಿ ಕಿವಿಯನ್ನು ಮುಟ್ಟಿದರೆ ಅವರಿಗೆ ಸಮಾಧಾನವಿಲ್ಲ. “ತಲೆಗೆ ಸರಿಯಾದ ಟೋಪಿ ಕೊಡದವರು ಹುಡುಗನನ್ನು ಹೇಗೆ ನೋಡಿಕೊಳ್ಳುತ್ತಾರೆ?” ಎಂದು ನನ್ನನ್ನು ಕೇಳುತ್ತಿದ್ದರು. ಅವರ ಮಾತನ್ನು ನಾನು ಕನ್ನಡದಲ್ಲಿ ಕೊಡುತ್ತಿದ್ದೇನೆ, ಇಂಗ್ಲಿಷಿನಲ್ಲಿ ಇದಕ್ಕೆ ಇನ್ನೂ ಹೆಚ್ಚು ಹೊತ್ತು ಹಿಡಿಯುತ್ತಿತ್ತು.

ಶೆಣೈ ಒಮ್ಮೆ ತಡೆಯಲಾರದೆ, ನಮ್ಮ ದೇಶದಲ್ಲಿ ಕ್ರಿಕೆಟ್ ಆಟಗಾರರನ್ನು ವೇದಿಕೆಯ ಮೇಲೆ ಹರಾಜು ಹಾಕುತ್ತಾರೆಂದು ಹೇಳಿದರು. ಬುಚೋ ಕೈಯಲ್ಲಿದ್ದ ಮಿಠಾಯಿ ಕೆಳಗಿಟ್ಟರು.

“ನಮ್ಮ ಮಾರುಕಟ್ಟೆಯ ಟ್ಯೂನಾ ಮೀನಿನ ಹಾಗೆ?”

“ಹೌದು ಬುಚೋ, ಹೆಚ್ಚುಕಮ್ಮಿ ಹಾಗೆಯೇ.”

“ಸತ್ತ ಮೇಲೆಯೋ, ಬದುಕಿರುವಾಗಲೋ?”

ಬದುಕಿರುವಾಗಲೇ ಎಂದು ಶೆಣೈ ಹೇಳಿದ್ದಕ್ಕೆ ಒಂದು ಉದ್ದದ ಸುಯ್ ಬಂತು. ಆಮೇಲೆ ನಮ್ಮ ಮೇಲಿನ ಕನಿಕರದಿಂದ, ತಮ್ಮಲ್ಲಿ ಹಾಗಿಲ್ಲ, ತಮ್ಮಲ್ಲಿ ‘ಪೊಸುತಿಂಗು’ ಇದೆ ಎಂದರು. ಅದೊಂದು ಬಹಳ ಮರ್ಯಾದೆಯ ಪದ್ಧತಿ ಎಂದು ಅರ್ಧ ಗಂಟೆ ವಿವರಿಸಿದರು. ನಾವು ತಲೆಯಾಡಿಸುತ್ತಾ ಮಿಠಾಯಿ ತಿಂದೆವು. ಪೊಸುತಿಂಗು ಎನ್ನುವುದು ಯಾವುದೋ ಜಪಾನಿ ಶಾಸ್ತ್ರ, ಅರಿಶಿನ ಕುಂಕುಮದಂಥದ್ದು, ಎಂದುಕೊಂಡು ನಾನು ಸುಮ್ಮನಾದೆ.

ಆ ವರ್ಷವೇ ನಮ್ಮ ಕಟ್ಟಡದ ಎದುರಿಗೆ ಒಂದು ಅಮೆರಿಕದ ಕಂಪನಿ ಬಂತು. ಅಲ್ಲಿನ ಮ್ಯಾನೇಜರಮ್ಮ ನನ್ನನ್ನು ತಮಿಳು ಮುಸ್ಲಿಮರ ಮಾಮಕ್ ಹೋಟೆಲಿಗೆ ಕರೆದು, ರೊಟ್ಟಿ ಕೊಡಿಸಿ, ಕೆಲಸ ಕೊಡುತ್ತೇನೆಂದರು. ಹಳೆಯದನ್ನು ರಿಪೇರಿ ಮಾಡುವ ಕೆಲಸವಲ್ಲ, ಹೊಸದನ್ನು ಕಟ್ಟುವ ಕೆಲಸ. ನನಗೆ ನಿಜಕ್ಕೂ ಆಸೆಯಾಯಿತು. ಮನೆ ಬದಲಿಸಬೇಕಿಲ್ಲ, ಮಗಳು ಅನಘಾಳ ಶಾಲೆ ಬದಲಿಸಬೇಕಿಲ್ಲ. ನಮ್ಮ ಅಪ್ಪ ಸರ್ಕಾರಿ ಗುಮಾಸ್ತರು. ಅವರ ಪೋಸ್ಟಿಂಗ್ ಆದ ಊರಿಗೆಲ್ಲ ಪಾತ್ರೆ ಪಗಡ ಕಟ್ಟಿಕೊಂಡು ಹೋಗಿ, ಊರಿಗೊಂದು ಶಾಲೆಯಲ್ಲಿ ಕೊನೆಯ ಬೆಂಚಿನಲ್ಲಿ ಕೂತು ಓದಿದವನು ನಾನು. ನನ್ನ ಮಗಳಿಗೆ ಆ ಬೆಂಚು ಬೇಡ ಎಂದು ಅವಳು ಹುಟ್ಟಿದಾಗಲೇ ತೀರ್ಮಾನಿಸಿದ್ದೆ. ಆದರೆ ವಿದೇಶಿ ನೌಕರ ಕಂಪನಿ ಬದಲಿಸಬೇಕಾದರೆ ಹಳೆಯ ಕಂಪನಿ ಬಿಡುಗಡೆ ಪತ್ರ ಕೊಡಬೇಕು. ಅಂದರೆ ಬುಚೋ ಕೊಡಬೇಕು. ಬುಚೋ ಸುಯ್ ಎಂದರೆ ನನ್ನ ಗತಿ ಏನು? ಕೇಳಲು ಬಾಯೇ ಬರಲಿಲ್ಲ. ಇವತ್ತು ನಾಳೆ ಎಂದು ದೂಡುತ್ತಾ ಬಂದೆ. ಎದುರಿನ ಕಚೇರಿಗೆ ಮಾತುಕತೆಗೆ ಹೋಗುವಾಗ, ಪಾರ್ಕಿಂಗ್‌ನಲ್ಲಿ ನನ್ನ ಕಾರು ಗುರುತು ಸಿಕ್ಕೀತೆಂದು ನಡೆದೇ ಹೋಗುತ್ತಿದ್ದೆ. ಆ ಊರಿನಲ್ಲಿ ನಡೆಯುವ ಇನ್ನೊಬ್ಬರು ಯಾರೆಂಬುದು ಆಗ ನನಗೆ ಹೊಳೆಯಲಿಲ್ಲ.

ಒಂದು ಸೋಮವಾರ ಬುಚೋ ನನ್ನನ್ನು ಕೋಣೆಗೆ ಕರೆದರು. ಕುರ್ಚಿ ತೋರಿಸಿದರು. ತಾವು ಮಾತ್ರ ಎದ್ದು ನಿಂತು, ಟೈ ಸರಿಮಾಡಿಕೊಂಡು, ಬಹಳ ಭಾವಪೂರ್ಣವಾಗಿ ಹೇಳಿದರು.

“ಐ ಪೊಸುತೊ ಯು.”

ನಾನು ಶೆಣೈ ಸೂತ್ರದಂತೆ ಬಾಲ ಕತ್ತರಿಸಿದೆ. ಪೋಸ್ಟ್. ಪೋಸ್ಟಿಂಗ್. ಜಪಾನಿನ ಉತ್ತರದಲ್ಲಿ, ವರ್ಷದಲ್ಲಿ ಅರ್ಧ ಹಿಮ ಬೀಳುವ ಯಾವುದೋ ಊರಿನಲ್ಲಿ ನಮ್ಮ ಹೊಸ ಶಾಖೆ ತೆರೆಯುತ್ತಿದೆಯೆಂಬ ಸುದ್ದಿ ಆಗ ಕಚೇರಿಯ ತುಂಬ ಇತ್ತು. ಗುಟ್ಟಾಗಿ ಓಡಾಡಿದ್ದು ತಿಳಿದು ನನ್ನನ್ನು ಅಲ್ಲಿಗೆ ಎತ್ತಿ ಹಾಕಿದ್ದಾರೆ ಎಂದುಕೊಂಡೆ. ಬಾಯಲ್ಲಿ ಬಂದದ್ದು “ಥ್ಯಾಂಕ್ ಯು” ಒಂದೇ. ಬುಚೋ ಕಣ್ಣು ತುಂಬಿ ಬಾಗಿದರು. ನಾನೂ ಬಾಗಿದೆ. ನನ್ನ ಕಣ್ಣೂ ತುಂಬಿತ್ತು, ಆದರೆ ಕಾರಣ ಬೇರೆ.

ಮನೆಯಲ್ಲಿ ಹೇಳಿದಾಗ ಹೆಂಡತಿ ಶುಭಾ ಒಗ್ಗರಣೆ ಸೌಟು ಹಿಡಿದುಕೊಂಡೇ ಕೂತುಬಿಟ್ಟಳು. “ಹಿಮದಲ್ಲಿ ಇಡ್ಲಿ ಹಿಟ್ಟು ಉಬ್ಬುತ್ತೇನ್ರೀ?” ಎಂದಳು. ಅದು ಅವಳ ಮೊದಲ ಪ್ರಶ್ನೆ. ಎರಡನೆಯದು ಅನಘಾಳ ಶಾಲೆಯದು. ಅನಘಾ ನಮ್ಮ ಕನ್ನಡವನ್ನೆಲ್ಲ ಅರ್ಥ ಮಾಡಿಕೊಂಡು ಉತ್ತರವನ್ನು ಇಂಗ್ಲಿಷಿನಲ್ಲಿ ಕೊಡುವ ಹುಡುಗಿ. “ಐ ಆಮ್ ನಾಟ್ ಗೋಯಿಂಗ್ ಲಾ,” ಎಂದು ಕೋಣೆ ಸೇರಿಕೊಂಡಳು. ಮರುದಿನವೇ ಶುಭಾ ಕೌಲಾಲಂಪುರದ ಮಾಲ್ ಒಂದರಿಂದ ಮೂವರಿಗೂ ಉಣ್ಣೆಯ ಕೋಟು ತಂದಳು. ಹೊರಗೆ ಬೆವರು ಧಾರೆಯಾಗಿ ಸುರಿಯುತ್ತಿತ್ತು, ಒಳಗೆ ನಾವು ಕೋಟು ಹಾಕಿಕೊಂಡು ಅಳತೆ ನೋಡುತ್ತಿದ್ದೆವು.

ಅಮ್ಮನಿಗೆ ಮಾತ್ರ ಇದು ಹೊಸದಲ್ಲ. ಅಪ್ಪನ ನೌಕರಿಯುದ್ದಕ್ಕೂ ಅವಳು ಪೋಸ್ಟಿಂಗ್ ಕಂಡವಳು, ರದ್ದು ಮಾಡಿಸಿದವಳು.

“ಅಯ್ಯೋ, ಅಷ್ಟಕ್ಕೆ ಯಾಕೋ ಅಳ್ತೀಯ? ಅಲ್ಲಿ ಎಮ್ಮೆಲ್ಲೆ ಯಾರೂ ಗೊತ್ತಿಲ್ವಾ?”

“ಇಲ್ಲಮ್ಮ.”

“ಮಂತ್ರಿಗಳು?”

“ಪಕ್ಕದ ಪುತ್ರಜಯಾ ಸರ್ಕಾರದ ಊರು, ಅದರ ತುಂಬ ಮಂತ್ರಿಗಳೇ ಇದಾರೆ. ನಂಗೆ ಯಾರೂ ಗೊತ್ತಿಲ್ಲ.”

“ಹಾಗಾದ್ರೆ ಮೆಡಿಕಲ್ ಸರ್ಟಿಫಿಕೇಟ್ ಕೊಡು. ನಿಮ್ಮಪ್ಪಂದು ಬೀದರ್ ಕ್ಯಾನ್ಸಲ್ ಆಗಿದ್ದೇ ಹಾಗೆ.”

ನನಗೆ ಸೈನಸ್ ಇರುವುದು ಸುಳ್ಳೇನಲ್ಲ, ತಣ್ಣನೆ ಗಾಳಿ ತಾಗಿದರೆ ಸಾಲಾಗಿ ಸೀನುತ್ತೇನೆ. ಶೆಣೈಯವರ ಭಾವ ಮಣಿಪಾಲದಿಂದ ಬಂದು ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವ ಡಾಕ್ಟರು. ನನ್ನ ಮೂಗಿನೊಳಗೆ ಟಾರ್ಚ್ ಬಿಟ್ಟು ನೋಡಿ, ಈ ವ್ಯಕ್ತಿಯನ್ನು ಶೀತವಿರುವ ಜಾಗದಲ್ಲಿ ಕೂರಿಸಬಾರದು ಎಂದು ಬರೆದುಕೊಟ್ಟರು. ಜಪಾನಿ ಪದ್ಧತಿಯಂತೆ ಎರಡೂ ಕೈಯಲ್ಲಿ ಹಿಡಿದು ಅದನ್ನು ಬುಚೋಗೆ ಒಪ್ಪಿಸಿದೆ. ಅವರು ನಿಧಾನವಾಗಿ ಓದಿದರು. ನನ್ನ ಮೂಗನ್ನು ಕಾಳಜಿಯಿಂದ ನೋಡಿದರು.

“ಒಳ್ಳೆಯದಾಯಿತು, ನೀನು ಮೊದಲೇ ಹೇಳಿದೆ. ಇದರ ಬಗ್ಗೆ ನಾನು ಅವರ ಹತ್ತಿರ ಮಾತಾಡುತ್ತೇನೆ,” ಎಂದರು. ಆಮೇಲೆ ಕೊಡೆ ತೆಗೆದುಕೊಂಡು ಹೊರಟೇಬಿಟ್ಟರು.

ಅವರು ಅಂದರೆ ಟೋಕಿಯೋದ ದೊಡ್ಡವರು ಎಂದು ನಾನೂ ಶೆಣೈಯೂ ನಂಬಿದೆವು. ಕೊಡೆ ಯಾಕೆ ಎಂದು ಇಬ್ಬರೂ ಯೋಚಿಸಲಿಲ್ಲ.

ಆ ಶುಕ್ರವಾರ ಮತ್ತೆ ಕರೆ ಬಂತು. ಕೋಣೆಯೊಳಗೆ ಕಾಲಿಟ್ಟರೆ ಬುಚೋ ಪಕ್ಕದಲ್ಲಿ ಎದುರಿನ ಕಂಪನಿಯ ಮ್ಯಾನೇಜರಮ್ಮ ಕೂತಿದ್ದಾರೆ.

“ನಿಮ್ಮ ಬಾಸ್ ಬಹಳ ಕಷ್ಟದ ಮನುಷ್ಯ,” ಎಂದು ಆಕೆ ನಕ್ಕರು. “ವಾರವೆಲ್ಲ ನಮ್ಮ ಕಚೇರಿಗೆ ನಡೆದುಕೊಂಡು ಬಂದರು. ನಿಮ್ಮ ಕುರ್ಚಿಯನ್ನು ಏಸಿಯ ಕೆಳಗಿನಿಂದ ತೆಗೆಸಿದ್ದೇನೆ. ಅದನ್ನು ಕಾಂಟ್ರಾಕ್ಟಿನಲ್ಲೂ ಬರೆಸಿದ್ದಾರೆ.”

ನನಗೆ ತಲೆಬುಡ ತಿಳಿಯಲಿಲ್ಲ. “ಬುಚೋ, ಹಿಮದ ಊರಿಗೆ ಪೋಸ್ಟಿಂಗ್ ಅಂದಿರಲ್ಲ?” ಎಂದು ಕೇಳಿಯೇಬಿಟ್ಟೆ.

“ಯಾವ ಹಿಮ?” ಎಂದರು ಬುಚೋ.

ಐದು ನಿಮಿಷ ನಾವು ಮೂವರೂ ಒಬ್ಬರಿಗೊಬ್ಬರು ಸಂಬಂಧವಿಲ್ಲದ ಪ್ರಶ್ನೆ ಕೇಳಿಕೊಂಡೆವು. ಕೊನೆಗೆ ಬುಚೋ ಬೋರ್ಡಿನ ಮೇಲೆ ಎರಡು ಮನೆ ಬರೆದು, ನಡುವೆ ಒಂದು ರಸ್ತೆ ಎಳೆದು ವಿವರಿಸಿದರು. ಪೊಸುತಿಂಗು ಎಂದರೆ ಪೋಸ್ಟಿಂಗೇ. ಆದರೆ ನಮ್ಮಪ್ಪನ ಪೋಸ್ಟಿಂಗ್ ಅಲ್ಲ. ಜಪಾನಿನ ಆಟಗಾರನಿಗೆ ತಂಡವನ್ನು ಬಿಡುವ ಹಕ್ಕು ಬರಲು ಇನ್ನೂ ವರ್ಷಗಳಿರುತ್ತವೆ, ಮನಸ್ಸು ಮಾತ್ರ ಆಗಲೇ ಅಮೆರಿಕದಲ್ಲಿರುತ್ತದೆ. ಅಂಥವನು ತನ್ನನ್ನು ಬೆಳೆಸಿದ ತಂಡದ ಎದುರು ಕೂತು ಕೇಳುತ್ತಾನೆ. ತಂಡ ಒಪ್ಪಿದರೆ ತಾನೇ ಮುಂದೆ ನಿಂತು, ನಮ್ಮ ಹುಡುಗ ಹೊರಟಿದ್ದಾನೆ, ಮಾತಾಡಿಸಿ ಎಂದು ಅಲ್ಲಿನವರಿಗೆ ತಿಳಿಸುತ್ತದೆ. ಕರೆದುಕೊಂಡವರು ಹಳೆಯ ತಂಡಕ್ಕೂ ಏನಾದರೂ ಕೊಡಬೇಕು. ಯಾರೂ ಕದ್ದು ಹೋಗುವಂತಿಲ್ಲ, ಯಾರೂ ಕಟ್ಟಿ ಹಾಕುವಂತಿಲ್ಲ.

“ನೀನು ಕೇಳುತ್ತೀಯೆಂದು ಕಾದೆ. ನೀನು ಕೇಳಲಿಲ್ಲ. ಬಿಸಿಲಿನಲ್ಲಿ ಕೊಡೆಯಿಲ್ಲದೆ ನೀನು ರಸ್ತೆ ದಾಟುವುದನ್ನು ನೋಡಿದೆ. ಅದಕ್ಕೆ ನಾನೇ ಪೊಸುತೊ ಮಾಡಿದೆ,” ಎಂದರು. ಬಿಡುಗಡೆ ಪತ್ರವನ್ನು ಎರಡೂ ಕೈಯಲ್ಲಿ ಕೊಟ್ಟರು.

ನಾನು ಇಷ್ಟು ವರ್ಷ ಹೆದರಿದ್ದು ಈ ಮನುಷ್ಯರಿಗೆ. ಅಳು ಬಂತು, ಅತ್ತೆ. ಮ್ಯಾನೇಜರಮ್ಮ ಟಿಶ್ಯೂ ಹುಡುಕಿದರು. ಬುಚೋ ಒಗೆದ ಕರವಸ್ತ್ರ ಕೊಟ್ಟರು.

“ಹಳೆಯ ಟೀಮಿಗೆ ಇವರೇನು ಕೊಡ್ತಾರೆ?” ಎಂದು ಮೂಗು ಒರೆಸಿಕೊಳ್ಳುತ್ತಾ ಕೇಳಿದೆ.

“ಶುಕ್ರವಾರ,” ಎಂದರು ಬುಚೋ.

ಮಲೇಶಿಯಾದಲ್ಲಿ ಶುಕ್ರವಾರ ಮಧ್ಯಾಹ್ನ ನಮಾಜಿನ ಸಲುವಾಗಿ ಊಟದ ಬಿಡುವು ಉದ್ದ ಇರುತ್ತದೆ. ಆ ಹೊತ್ತಿನಲ್ಲಿ ನಮ್ಮ ವಿಭಾಗದವರೆಲ್ಲ ಹಿಂದಿನ ಬೀದಿಯ ತಮಿಳರ ಹೋಟೆಲಿನಲ್ಲಿ ಬಾಳೆಎಲೆ ಊಟ ಮಾಡುತ್ತಿದ್ದೆವು. ಪ್ರತಿ ಶುಕ್ರವಾರ ನಾನು ರಸ್ತೆ ದಾಟಿ ಬಂದು ಹಳೆಯ ವಿಭಾಗದವರ ಜತೆ ಎಲೆಯ ಮುಂದೆ ಕೂರಬೇಕು, ಯಾವ ಮೀಟಿಂಗೂ ಅದಕ್ಕೆ ಅಡ್ಡ ಬರಬಾರದು. ಇದು ಬುಚೋ ನನಗೆ ಕಟ್ಟಿದ ಬೆಲೆ. ಅಮೆರಿಕದ ಕಂಪನಿ ಒಪ್ಪಿ ಸಹಿ ಹಾಕಿತ್ತು.

ಸಹಿಯಾದ ಮೇಲೆ ಪತ್ರಿಕಾಗೋಷ್ಠಿ ಆಗದಿದ್ದರೆ ಹೇಗೆ? ಬುಚೋ ಮೀಟಿಂಗ್ ಕೋಣೆಯಲ್ಲಿ ಮೇಜಿಗೆ ಬಿಳಿ ಬಟ್ಟೆ ಹಾಸಿಸಿದರು. ನಮ್ಮ ವಿಭಾಗದವರು ಪತ್ರಕರ್ತರು. ನನಗೆ ಎದುರಿನ ಕಂಪನಿಯ ಟೀ ಷರ್ಟ್ ತೊಡಿಸಿ, ಟೋಪಿ ಹಾಕಿ, ಕಿವಿಯ ಹತ್ತಿರ ಬೆರಳು ತೂರಿಸಿ ನೋಡಿ ತೃಪ್ತರಾದರು. ಆಟಗಾರ ತನ್ನ ಮಾತೃಭಾಷೆಯಲ್ಲೇ ಮಾತಾಡಬೇಕು, ಪಕ್ಕದಲ್ಲಿ ದುಭಾಷಿ ಇರಲೇಬೇಕು ಎಂದು ಹಟ ಹಿಡಿದರು. ಕನ್ನಡ ಕೇಳಿ ಇಂಗ್ಲಿಷಿನಲ್ಲಿ ಹೇಳುವುದನ್ನು ಹುಟ್ಟಿದಾಗಿನಿಂದ ಅಭ್ಯಾಸ ಮಾಡಿದವರು ನಮ್ಮ ಮನೆಯಲ್ಲೇ ಇದ್ದರು. ಅನಘಾ ಶಾಲೆಯ ಯೂನಿಫಾರಂನಲ್ಲಿ ಬಂದು ಕೂತಳು. ಶುಭಾ ಹಿಂದಿನ ಸಾಲಿನಲ್ಲಿ ಕೂತಿದ್ದಳು.

“ಇಷ್ಟು ಒಳ್ಳೆ ಟೀಮನ್ನು ಬಿಟ್ಟು ಹೋಗ್ಲಿಕ್ಕೆ ಬೇಜಾರಾಗುದಿಲ್ವಾ?” ಎಂದು ಶೆಣೈ ಪತ್ರಕರ್ತರ ಗತ್ತಿನಲ್ಲಿ ಕೇಳಿದರು.

ನಾನು ಗಂಟಲು ಸರಿಮಾಡಿಕೊಂಡೆ. “ತುಂಬಾ ಬೇಜಾರಾಗ್ತಿದೆ. ಇಲ್ಲಿ ನಾನು ಕಲಿತಿದ್ದು ಬಹಳ. ಬುಚೋ ಅಂದ್ರೆ ನಂಗೆ ತುಂಬಾ ಗೌರವ, ಆ ಗೌರವದಿಂದಲೇ ಅವರ ಮುಂದೆ ಬಾಯಿ ಬಿಡೋಕೆ ಆಗ್ಲಿಲ್ಲ.”

ಅನಘಾ ಮೈಕ್ ತೆಗೆದುಕೊಂಡಳು. “ಅಪ್ಪ ವಾಸ್ ಸ್ಕೇರ್ಡ್ ಆಫ್ ಯು ಲಾ, ಅಂಕಲ್.”

“ಕರೆಕ್ಟ್,” ಎಂದರು ಬುಚೋ.

ಎಲ್ಲರೂ ನಕ್ಕರು. ಕೊನೆಗೆ ಆಟಗಾರ ಎರಡು ಮಾತು ಹೇಳಬೇಕೆಂದರು. ಉದ್ದದ ಭಾಷಣ ಮನಸ್ಸಿನಲ್ಲಿತ್ತು, ಬಾಯಿಗೆ ಬಂದದ್ದು ಮಾತ್ರ “ಹೋಗಿ ಬರ್ತೀನಿ” ಎಂಬುದೊಂದೇ.

“ಹಿ ಸೇಸ್, ಐ ವಿಲ್ ಗೋ ಅಂಡ್ ಕಮ್,” ಎಂದಳು ಅನಘಾ.

ಬುಚೋ ನೆಟ್ಟಗೆ ಕೂತರು. ಎರಡು ಸಲ ಕೇಳಿ ಖಚಿತ ಮಾಡಿಕೊಂಡರು. ಹೋಗುತ್ತೇನೆ ಎನ್ನದೆ ಹೋಗಿ ಬರುತ್ತೇನೆ ಎನ್ನುವುದೇ? ತಮ್ಮಲ್ಲೂ ಮನೆಯಿಂದ ಹೊರಡುವವರು ಅದನ್ನೇ ಹೇಳುತ್ತಾರಂತೆ, ಒಳಗಿರುವವರು ಹೋಗಿ ಬಾ ಎನ್ನುತ್ತಾರಂತೆ. ಬಂದ ಮೇಲೆ ನೀವು ಏನೆನ್ನುತ್ತೀರಿ ಎಂದು ಕೇಳಿದರು. ‘ಬಂದ್ಯಾ?’ ಎಂದು ಕೇಳುತ್ತೇವೆ ಎಂದೆ.

“ಎದುರಿಗೇ ಬಂದು ನಿಂತಿರುತ್ತಾನೆ. ಆದರೂ ಕೇಳುತ್ತೀರಾ?”

“ಕೇಳ್ತೀವಿ, ಬುಚೋ.”

ಅವರಿಗೆ ಅದು ಬಹಳ ಹಿಡಿಸಿತು. ಮುಂದಿನ ಶುಕ್ರವಾರ ನಾನು ಹೋಟೆಲಿನೊಳಗೆ ಕಾಲಿಟ್ಟಾಗ, ಎಲೆಯ ಮುಂದಿನಿಂದ ತಲೆಯೆತ್ತಿ “ಬಂದ್ಯಾ?” ಎಂದರು. ಆಮೇಲೆ ಯಾವ ಶುಕ್ರವಾರವೂ ತಪ್ಪಿಸಲಿಲ್ಲ. ಬಡಿಸುವವನಿಗೂ ಬಂದ್ಯಾ, ಒಮ್ಮೆ ಜತೆಗೆ ಬಂದ ಅಮೆರಿಕದ ಮ್ಯಾನೇಜರಮ್ಮನಿಗೂ ಬಂದ್ಯಾ. ಏಕವಚನ ಬಹುವಚನ ಹೇಳಿಕೊಡಲು ನಾನೂ ಹೋಗಲಿಲ್ಲ. ಎಲೆಯಲ್ಲಿ ಮೊದಲು ಬರುವ ಸಾರು ಬೇಸ್‌ಬಾಲಿನಲ್ಲಿ ಆಟ ಶುರು ಮಾಡುವ ಎಸೆತಗಾರ, ಕೊನೆಯ ಮಜ್ಜಿಗೆ ಆಟ ಮುಗಿಸುವ ಎಸೆತಗಾರ, ಇಬ್ಬರಲ್ಲಿ ಯಾರು ಕೆಟ್ಟರೂ ಸೋಲು ಎಂದು ವಾರವಾರವೂ ವಿಮರ್ಶೆ ಮಾಡುತ್ತಾ ಉಣ್ಣುತ್ತಿದ್ದರು.

ಹೋದ ವರ್ಷ ಅವರಿಗೆ ನಿವೃತ್ತಿಯಾಯಿತು. ವಿಮಾನ ನಿಲ್ದಾಣಕ್ಕೆ ಎಲ್ಲರೂ ಹೋದೆವು, ಅವರು ಕೊನೆಗೂ ನನ್ನ ಕಾರು ಹತ್ತಿದರು. ಒಳಗೆ ಹೋಗುವ ಬಾಗಿಲಲ್ಲಿ ನಿಂತು, ಸೊಂಟದವರೆಗೆ ಬಾಗಿ, ಅನಘಾಳ ಹತ್ತಿರ ಉರು ಹೊಡೆದ ಕನ್ನಡದಲ್ಲಿ “ಹೋಗಿ ಬರ್ತೀನಿ” ಎಂದರು. ಬಾಲ ಕತ್ತರಿಸುವ ಅಗತ್ಯವೇ ಇರಲಿಲ್ಲ, ಅಷ್ಟು ಸ್ಪಷ್ಟವಾಗಿತ್ತು. ಹೋಗಿ ಬನ್ನಿ ಎಂದೆವು. ಬರುವುದಿಲ್ಲವೆಂದು ನಮಗೆಲ್ಲ ಗೊತ್ತಿತ್ತು, ಬಹಳ ಸಂಕಟವಾಯಿತು.

ಈಗ ನನ್ನ ಕೈಕೆಳಗೂ ಒಂದಷ್ಟು ಜನ ಇದ್ದಾರೆ. ಅವರಲ್ಲಿ ಐನಾ ಎಂಬ ಮಲಯ್ ಹುಡುಗಿ ಜಾಣೆ. ಕಳೆದ ತಿಂಗಳು ಅವಳಿಗೆ ಕೌಲಾಲಂಪುರದ ಬಾಂಗ್ಸಾರ್‌ನ ಕಂಪನಿಯೊಂದು ಕೆಲಸ ಕೊಡಲು ಓಡಾಡುತ್ತಿದೆಯೆಂದು ತಿಳಿಯಿತು. ಅವಳು ನನ್ನ ಕೋಣೆಯ ಬಾಗಿಲವರೆಗೆ ಬರುವುದು, ವಾಪಸು ಹೋಗುವುದು ಮಾಡುತ್ತಿದ್ದಳು. ಆ ಹೆಜ್ಜೆಯ ಗುರುತು ನನಗೆ ಚೆನ್ನಾಗಿ ಇತ್ತು. ಒಳಗೆ ಕರೆದೆ, ಎದ್ದು ನಿಂತೆ, ಟೈ ಇರಲಿಲ್ಲ, ಕಾಲರ್ ಸರಿಮಾಡಿಕೊಂಡೆ.

“ಐನಾ, ಐ ಪೋಸ್ಟ್ ಯು.”

ಅವಳ ಮುಖ ಬಿಳಿಚಿತು. ಅವಳ ತಾಯಿ ಸರ್ಕಾರಿ ಶಾಲೆಯ ಟೀಚರು. ಮದುವೆಯಾದ ಹೊಸದರಲ್ಲೇ ಸರವಾಕ್‌ನ ಕಾಡಿನ ಶಾಲೆಗೆ ಪೋಸ್ಟಿಂಗ್ ಆಗಿ, ದೋಣಿಯಲ್ಲಿ ಹೋಗಿ ಪಾಠ ಹೇಳಿದವರು.

“ಬಾಸ್, ಸರವಾಕ್ ಬೇಡ ಲಾ,” ಎಂದಳು. “ಬೇಕಾದರೆ ಮೆಡಿಕಲ್ ಸರ್ಟಿಫಿಕೇಟ್ ತರ್ತೀನಿ.”

ನಾನು ಬೋರ್ಡಿನ ಮೇಲೆ ಎರಡು ಮನೆ ಬರೆದೆ. ಬಾಂಗ್ಸಾರ್ ದೂರ, ಹಾಗಾಗಿ ನಡುವಿನ ರಸ್ತೆ ಸ್ವಲ್ಪ ಉದ್ದ ಬಂತು. ಬೆಲೆ ಶುಕ್ರವಾರ ಎಂದಾಗ ಅವಳು ಟ್ರಾಫಿಕ್ ಎಂದು ಗೊಣಗಿದಳು, ಕೊನೆಗೆ ತಿಂಗಳಿಗೊಂದು ಶುಕ್ರವಾರಕ್ಕೆ ಒಪ್ಪಂದವಾಯಿತು.

ಮೊನ್ನೆ ಅವಳ ಮೊದಲ ಶುಕ್ರವಾರ. ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡು, ಸಾರು ಮುಗಿದು ಮಜ್ಜಿಗೆಯ ಹೊತ್ತಿಗೆ ಬಂದಳು. ಎಲೆಯ ಮುಂದೆ ಅವಳ ಫೋಟೋ ತೆಗೆದು ಬುಚೋಗೆ ಕಳಿಸಿದೆ. ತಕ್ಷಣವೇ ಉತ್ತರ ಬಂತು. ಇಂಗ್ಲಿಷ್ ಅಕ್ಷರದಲ್ಲಿ, ಬಾಲವಿಲ್ಲದೆ, “ಬಂದ್ಯಾ?” ಎಂದಿತ್ತು. ಐನಾಗೆ ಅರ್ಥವನ್ನೂ ವಿಮಾನ ನಿಲ್ದಾಣದ ಕಥೆಯನ್ನೂ ಹೇಳಿದೆ. ಅವಳು ಅಪ್ಪಳ ಮುರಿಯುತ್ತಾ, ಹೋಗಿ ಬರ್ತೀನಿ ಅಂದವರು ಅವರು, ಮೊದಲು ಅವರನ್ನು ಕೇಳಿ ಎಂದಳು. ಸರಿ ಎಂದು ನಾನೂ ಬರೆದೆ, ನೀವು ಯಾವಾಗ ಬರುತ್ತೀರಿ ಬುಚೋ, ಎಲೆ ಹಾಕಿಸಲೇ ಎಂದು.

ಈ ಸಲ ಉತ್ತರ ತಡವಾಯಿತು. ನಾವೆಲ್ಲ ಕೈ ತೊಳೆದು, ಎಲೆ ಮಡಿಸಿ ಏಳುವಾಗ ಬಂತು.

“ಹೆಂಡತಿ ಇನ್ನೂ ಪೊಸುತೊ ಮಾಡಿಲ್ಲ.”